ಚೌಡಿಕೆ

ಚೌಡಿಕೆಯು ಉತ್ತರ ಕರ್ನಾಟಕ ಹಾಗೂ ದಕ್ಷಿಣ ಮಹಾರಾಷ್ಟ್ರದಲ್ಲಿ ಬಳಕೆಯಲ್ಲಿರುವ ಒಂದು ಜನಪದ ವಾದ್ಯ. ಒಂದು ಕಡೆ ಮಾತ್ರ ಚರ್ಮ ಬಿಗಿದ ಮರದ ಪೊಳ್ಳು ಒಡಲು, ಆ ಚರ್ಮದ ನಡುವಿನಿಂದ ಹೊರಟು ಒಡಲಿನ ಒಳಗಿನಿಂದ ಹಾದುಬರುವ ಒಂದೇ ತಂತಿ ಮತ್ತು ಆ ತಂತಿಯನ್ನು ಬಿಗಿಯುವ ಬಿರಡೆ ಇದರ ಮುಖ್ಯ ಭಾಗಗಳು. ನೋಟಕ್ಕೆ ಇದು ಡೋಲಿನಂತೆ ಕಂಡರೂ ಇದನ್ನು ಕೈಯಿಂದಾಗಲಿ ಕೋಲಿನಿಂದಾಗಲಿ ಬಡಿಯುವುದಿಲ್ಲ. ತಂತಿಯನ್ನು ಮೀಟಿ ನುಡಿಸಲಾಗುತ್ತದೆ. ಚರ್ಮವಾದ್ಯದ ಒಡಲು ಮತ್ತು ತಂತಿವಾದ್ಯದ ಶ್ರುತಿವ್ಯವಸ್ಥೆ ಒಂದೇ ವಾದ್ಯದಲ್ಲಿ ಕೂಡಿರುವುದರಿಂದ ಇದು ಯಾವ ವರ್ಗಕ್ಕೆ ಸೇರಿದ್ದೆಂಬುದು ವಾದ್ಯಶಾಸ್ತ್ರದಲ್ಲಿ ಚರ್ಚೆಯ ವಿಷಯವಾಗಿದೆ.

ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನ ಗುಡ್ಡದ ರೇಣುಕಾ ಯಲ್ಲಮ್ಮನ ಆರಾಧನೆಯೊಂದಿಗೆ ಚೌಡಿಕೆಯು ಬೇರ್ಪಡಿಸಲಾಗದ ಸಂಬಂಧ ಹೊಂದಿದೆ. ದೇವಿಗೆ ಮುಡಿಪಾದ ಜೋಗತಿಯರು ಮತ್ತು ಜೋಗಪ್ಪಗಳು ಇದರ ಪರಂಪರಾಗತ ವಾದಕರು. ಸವದತ್ತಿಯು ಧಾರವಾಡದಿಂದ ಸುಮಾರು 40 ಕಿ.ಮೀ. ದೂರದಲ್ಲಿರುವುದರಿಂದ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ, ಸಂತೆಗಳಲ್ಲಿ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಚೌಡಿಕೆಯ ನಾದ ಪರಿಚಿತವಾದುದು.

## ಹೆಸರು

ಕನ್ನಡದಲ್ಲಿ ಚೌಡಿಕೆ, ಚೌಡಕಿ, ಚೌಡ್ಕಿ ಎಂಬ ರೂಪಗಳು ಬಳಕೆಯಲ್ಲಿವೆ. ಮರಾಠಿಯಲ್ಲಿ ಇದೇ ವಾದ್ಯವನ್ನು ಚೌಂಡಕ ಎನ್ನುತ್ತಾರೆ. ಈ ವಾದ್ಯದೊಂದಿಗೆ ಹಾಡುವ ಹಾಡುಗಳಿಗೆ ಚೌಡಿಕೆ ಪದಗಳೆಂದೂ, ಹಾಡುವ ತಂಡಕ್ಕೆ ಚೌಡಿಕೆ ಮೇಳವೆಂದೂ ಹೆಸರು. ಹೀಗೆ ವಾದ್ಯದ ಹೆಸರೇ ಒಂದು ಗಾಯನ ಪ್ರಕಾರದ ಹೆಸರೂ ಆಗಿದೆ.

## ರಚನೆ

ಚೌಡಿಕೆಯ ಒಡಲು ಧಾನ್ಯ ಅಳೆಯುವ ಕೊಳಗವನ್ನು ಹೋಲುವ ಪೊಳ್ಳಾದ ಮರದ ಕೊಳವೆ. ಎತ್ತರ ಸಾಮಾನ್ಯವಾಗಿ ಒಂದು ಗೇಣು ಅಥವಾ ಅದಕ್ಕಿಂತ ತುಸು ಹೆಚ್ಚು. ಲೋಹದ ಒಡಲಿನ ವಾದ್ಯಗಳೂ ಉಂಟು. ಇವು ಸ್ಥಳೀಯವಾಗಿ ಕೈಯಿಂದ ತಯಾರಾಗುವ ವಾದ್ಯಗಳಾದುದರಿಂದ ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ವಾದ್ಯದ ಭಾಗಗಳನ್ನು ಹೀಗೆ ಗುರುತಿಸಬಹುದು:

- ಒಡಲು: ಎರಡೂ ಬಾಯಿ ತೆರೆದಿರುವ ಕೊಳವೆ. ಒಂದು ಬಾಯಿಗೆ ಚರ್ಮ ಬಿಗಿಯಲಾಗುತ್ತದೆ. ಇನ್ನೊಂದು ಬಾಯಿ ತೆರೆದೇ ಇರುತ್ತದೆ.
- ಚರ್ಮ: ಹದ ಮಾಡಿದ ಆಡಿನ ಚರ್ಮ. ಇದರ ನಡುವೆ ತಂತಿ ತೂರುವಷ್ಟು ಚಿಕ್ಕ ರಂಧ್ರವಿರುತ್ತದೆ.
- ಬಿಲ್ಲೆ: ಚರ್ಮದ ಹೊರಬದಿಯಲ್ಲಿ ರಂಧ್ರಕ್ಕೆ ಒತ್ತಿಕೊಂಡಿರುವ ಸಣ್ಣ ತುಣುಕು. ತಂತಿಯ ತುದಿಯನ್ನು ಇದಕ್ಕೆ ಗಂಟು ಹಾಕಲಾಗುತ್ತದೆ. ಬಿಲ್ಲೆಯಿಲ್ಲದಿದ್ದರೆ ತಂತಿಯ ಸೆಳೆತಕ್ಕೆ ಚರ್ಮ ನಡುವೆಯೇ ಹರಿಯುತ್ತದೆ.
- ತಂತಿ: ಪ್ರಾಣಿಯ ಕರುಳಿನಿಂದ ಹೊಸೆದ ನರದ ತಂತಿ ಇದರ ಸಾಂಪ್ರದಾಯಿಕ ರೂಪ. ಇತ್ತೀಚೆಗೆ ನೈಲಾನ್ ತಂತಿಯೂ ಬಳಕೆಗೆ ಬಂದಿದೆ.
- ದಂಡ: ಒಡಲಿನ ಹೊರಮೈಗೆ ಜೋಡಿಸಿದ ಮರದ ತೋಳು. ಇದು ತೆರೆದ ಬಾಯಿಯನ್ನು ದಾಟಿ ಮುಂದಕ್ಕೆ ಚಾಚಿಕೊಂಡಿರುತ್ತದೆ.
- ಬಿರಡೆ: ದಂಡದ ತುದಿಯಲ್ಲಿ ತಿರುಗುವ ಮರದ ಗೂಟ. ತಂತಿಯ ಇನ್ನೊಂದು ತುದಿ ಇದಕ್ಕೆ ಸುತ್ತಿಕೊಂಡಿರುತ್ತದೆ.
- ಕಡ್ಡಿ: ತಂತಿ ಮೀಟುವ ಚಿಕ್ಕ ಮರದ ತುಂಡು. ಇದಕ್ಕೆ ಗೆಜ್ಜೆ ಕಟ್ಟುವುದೂ ಉಂಟು; ಆಗ ಪ್ರತಿ ಮೀಟಿಗೂ ಗೆಜ್ಜೆಯ ದನಿ ಕೂಡಿಕೊಳ್ಳುತ್ತದೆ.

ಅನೇಕ ಚೌಡಿಕೆಗಳ ಮೇಲೆ ಕವಡೆ, ಗೆಜ್ಜೆ ಹಾಗೂ ಬಣ್ಣದ ಬಟ್ಟೆಯ ಅಲಂಕಾರವಿರುತ್ತದೆ. ಪೂಜೆಯ ಸಮಯದಲ್ಲಿ ವಾದ್ಯಕ್ಕೂ ಭಂಡಾರ, ಅಂದರೆ ಅರಿಸಿನದ ಪುಡಿ, ಹಚ್ಚಲಾಗುತ್ತದೆ.

## ಶ್ರುತಿ ಮಾಡುವ ವ್ಯವಸ್ಥೆ

ಚೌಡಿಕೆಯ ಅತ್ಯಂತ ವಿಶಿಷ್ಟ ಲಕ್ಷಣ ಅದರ ಶ್ರುತಿವ್ಯವಸ್ಥೆ. ಸಾಮಾನ್ಯ ಚರ್ಮವಾದ್ಯಗಳಲ್ಲಿ ಚರ್ಮದ ಅಂಚನ್ನು ಎಳೆದು ಬಿಗಿತ ಹೆಚ್ಚಿಸಲಾಗುತ್ತದೆ. ಇದಕ್ಕಾಗಿ ಹಗ್ಗ, ತೊಗಲಿನ ಪಟ್ಟಿ, ಮರದ ಗಟ್ಟಾ ಅಥವಾ ಪಾಶ್ಚಾತ್ಯ ಡ್ರಮ್ಮುಗಳಲ್ಲಿರುವಂತೆ ಲೋಹದ ತಿರುಪು ಬಳಕೆಯಾಗುತ್ತದೆ. ಚೌಡಿಕೆಯಲ್ಲಿ ಇವು ಯಾವುವೂ ಇಲ್ಲ. ಚರ್ಮದ ಅಂಚು ಒಮ್ಮೆ ಬಿಗಿದ ಮೇಲೆ ಸ್ಥಿರವಾಗಿರುತ್ತದೆ; ಬಿರಡೆ ತಿರುಗಿಸಿದಾಗ ತಂತಿಯು ಚರ್ಮದ ನಡುವನ್ನು ಒಡಲಿನ ಒಳಕ್ಕೆ ಸೆಳೆಯುತ್ತದೆ. ಹೀಗಾಗಿ ಒಂದೇ ಬಿರಡೆ ತಂತಿಯ ಬಿಗಿತವನ್ನೂ ಚರ್ಮದ ಬಿಗಿತವನ್ನೂ ಒಟ್ಟಿಗೆ ಬದಲಿಸುತ್ತದೆ.

ವೀಣೆ, ಸಿತಾರ್, ತಂಬೂರಿಗಳಲ್ಲಿ ತಂತಿಯು ನಾದದ ಹಲಗೆಗೆ ಸಮಾಂತರವಾಗಿ ಸಾಗಿ ಕುದುರೆಯ ಮೇಲೆ ಕುಳಿತು ತನ್ನ ಕಂಪನವನ್ನು ಹಲಗೆಗೆ ಸಾಗಿಸುತ್ತದೆ. ಚೌಡಿಕೆಯಲ್ಲಿ ಕುದುರೆಯಿಲ್ಲ. ತಂತಿಯು ಚರ್ಮಕ್ಕೆ ಹೆಚ್ಚುಕಡಿಮೆ ಲಂಬವಾಗಿ ನಿಂತಿರುತ್ತದೆ. ಲಂಬವಾಗಿರುವ ತಂತಿಯನ್ನು ಅಡ್ಡಕ್ಕೆ ಮೀಟಿದಾಗ ಅದು ಎಡಕ್ಕೆ ವಾಲಿದಾಗ ಒಮ್ಮೆ, ಬಲಕ್ಕೆ ವಾಲಿದಾಗ ಇನ್ನೊಮ್ಮೆ ತುಸು ಹಿಗ್ಗುತ್ತದೆ. ಅಂದರೆ ತಂತಿಯ ಪ್ರತಿ ಪೂರ್ಣ ಕಂಪನಕ್ಕೆ ಚರ್ಮದ ಮೇಲಿನ ಸೆಳೆತ ಎರಡು ಬಾರಿ ಏರಿಳಿಯುತ್ತದೆ. ತಂತಿಯ ಮೂಲ ಕಂಪನದ ಇಮ್ಮಡಿ ಆವರ್ತನವು ಚರ್ಮಕ್ಕೆ ತಲುಪಲು ಇದು ಒಂದು ಕಾರಣ. ತಂತಿಯು ಚರ್ಮಕ್ಕೆ ಪೂರ್ತಿ ಲಂಬವಾಗಿರದೆ ತುಸು ಓರೆಯಾಗಿದ್ದರೆ ಮೂಲ ಆವರ್ತನವೂ ನೇರವಾಗಿ ಚರ್ಮಕ್ಕೆ ಸಾಗುತ್ತದೆ.

ತಂತಿಯ ಆವರ್ತನವು ಅದರ ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಉದ್ದ ಬದಲಾಗದಿದ್ದರೆ ಒಂದು ಅರ್ಧಸ್ವರ ಏರಿಸಲು ಬಿಗಿತವನ್ನು ಸುಮಾರು ಶೇ. 12ರಷ್ಟು ಹೆಚ್ಚಿಸಬೇಕಾಗುತ್ತದೆ, ಒಂದು ಪೂರ್ಣ ಸಪ್ತಕ ಏರಿಸಲು ನಾಲ್ಕು ಪಟ್ಟು ಬಿಗಿತ ಬೇಕು. ನಾಲ್ಕು ಪಟ್ಟು ಸೆಳೆತವನ್ನು ತೆಳುವಾದ ಆಡಿನ ಚರ್ಮದ ನಡುವಿನ ಒಂದು ಬಿಂದು ತಾಳಿಕೊಳ್ಳುವುದು ಕಷ್ಟ. ಬಿಲ್ಲೆಯ ಮಹತ್ವ ಇಲ್ಲಿಯೇ ಇದೆ: ಅದು ಸೆಳೆತವನ್ನು ಒಂದು ಬಿಂದುವಿನಿಂದ ಒಂದು ಚಿಕ್ಕ ವೃತ್ತಕ್ಕೆ ಹರಡುತ್ತದೆ.

ಚರ್ಮದ ಒಳಗಿನ ಸ್ವರಸಂಬಂಧವೂ ಗಮನಾರ್ಹ. ಸಮನಾಗಿ ಬಿಗಿದ ವೃತ್ತಾಕಾರದ ಬರಿಯ ಚರ್ಮದ ಉಪಸ್ವರಗಳು 1 : 1.59 : 2.14 : 2.30 ಎಂಬಂತಹ ಅನುಪಾತಗಳಲ್ಲಿರುತ್ತವೆ. ಇವು ಪೂರ್ಣಾಂಕಗಳಲ್ಲದ ಕಾರಣ ಬರಿಯ ಚರ್ಮದ ದನಿಯಲ್ಲಿ ಖಚಿತವಾದ ಸ್ವರ ಕೇಳಿಸುವುದಿಲ್ಲ. ತಬಲಾ ಮತ್ತು ಮೃದಂಗಗಳಲ್ಲಿ ಚರ್ಮದ ನಡುವೆ ಕರಣೆ ಹಚ್ಚಿ ಈ ಉಪಸ್ವರಗಳನ್ನು ಪೂರ್ಣಾಂಕಗಳ ಹತ್ತಿರಕ್ಕೆ ತರಲಾಗಿದೆ ಎಂಬುದನ್ನು ಸಿ. ವಿ. ರಾಮನ್ ಅವರು 1920ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದರು. ಚೌಡಿಕೆಯಲ್ಲಿ ಕರಣೆಯಿಲ್ಲ. ಸ್ವರದ ಖಚಿತತೆಯನ್ನು ಇಲ್ಲಿ ತಂತಿ ಒದಗಿಸುತ್ತದೆ. ಚರ್ಮ ಅದನ್ನು ದೊಡ್ಡದು ಮಾಡುತ್ತದೆ. ಒಂದೇ ಸಮಸ್ಯೆಗೆ ಎರಡು ವಾದ್ಯಪರಂಪರೆಗಳು ಕಂಡುಕೊಂಡ ಎರಡು ಬೇರೆ ಪರಿಹಾರಗಳಿವು.

## ನುಡಿಸುವ ಕ್ರಮ

ವಾದಕರು ಒಡಲನ್ನು ಎಡ ತೋಳಿನ ಕೆಳಗೆ ಇರುಕಿಕೊಂಡು ಎಡಗೈಯಲ್ಲಿ ದಂಡದ ತುದಿಯನ್ನು ಹಿಡಿಯುತ್ತಾರೆ. ತೆರೆದ ಬಾಯಿಗೂ ಬಿರಡೆಗೂ ನಡುವೆ ಕಾಣುವ ತಂತಿಯ ಭಾಗವನ್ನು ಬಲಗೈಯ ಕಡ್ಡಿಯಿಂದ ಮೀಟುತ್ತಾರೆ. ದಂಡ ಅಥವಾ ತಂತಿಯ ಮೇಲೆ ಎಡಗೈಯ ಒತ್ತಡ ಬದಲಾದಂತೆ ಬಿಗಿತ ಬದಲಾಗಿ ಸ್ವರ ಜಾರುತ್ತದೆ. ಮೀಟಿದ ಕೂಡಲೇ ಒತ್ತಡ ಬದಲಿಸಿದಾಗ ಹುಟ್ಟುವ ಈ ಜಾರುನಾದವೇ ಚೌಡಿಕೆಯ ದನಿಯ ಗುರುತು. ಬಿರಡೆಯಿಂದ ಹಾಡಿನ ಆರಂಭಕ್ಕೆ ಬೇಕಾದ ಶ್ರುತಿ ನಿಲ್ಲುತ್ತದೆ. ಹಾಡಿನ ನಡುವಿನ ಏರಿಳಿತ ಕೈಯಿಂದ ಬರುತ್ತದೆ.

ಚೌಡಿಕೆಯು ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತದೆ. ತಂತಿಯ ನಾದ ಗಾಯಕರಿಗೆ ಆಧಾರವಾದರೆ, ಮೀಟಿನ ಲಯ ಹಾಡಿನ ನಡೆಯನ್ನು ಹಿಡಿದಿಡುತ್ತದೆ. ಮೇಳದಲ್ಲಿ ಇದರೊಂದಿಗೆ ಶ್ರುತಿ ಎಂಬ ಏಕತಂತಿಯ ವಾದ್ಯ ಮತ್ತು ತಾಳಗಳು ಇರುತ್ತವೆ. ಮುಖ್ಯ ಗಾಯಕಿಯೇ ಸಾಮಾನ್ಯವಾಗಿ ಚೌಡಿಕೆ ನುಡಿಸುತ್ತಾಳೆ. ಉಳಿದವರು ಹಿಮ್ಮೇಳದಲ್ಲಿ ಸೊಲ್ಲು ಹಿಡಿಯುತ್ತಾರೆ.

## ವರ್ಗೀಕರಣ

ಭಾರತೀಯ ಪರಂಪರೆಯಲ್ಲಿ ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ (ತಂತಿ), ಅವನದ್ಧ (ಚರ್ಮ), ಘನ (ಗಟ್ಟಿ ವಸ್ತು) ಮತ್ತು ಸುಷಿರ (ಗಾಳಿ) ಎಂದು ನಾಲ್ಕಾಗಿ ವಿಂಗಡಿಸಿದೆ. 19ನೆಯ ಶತಮಾನದಲ್ಲಿ ಬಂಗಾಳದ ಸೌರೀಂದ್ರ ಮೋಹನ ಟಾಗೋರ್ ಅವರು ಬೆಲ್ಜಿಯಮ್ಮಿನ ದೊರೆಗೆ ಕಳುಹಿಸಿದ ಭಾರತೀಯ ವಾದ್ಯಗಳು ಬ್ರಸೆಲ್ಸ್ ಸಂಗ್ರಹಾಲಯವನ್ನು ಸೇರಿದವು. ಅಲ್ಲಿನ ಸಂಗ್ರಹದ ಪಟ್ಟಿಯನ್ನು ಸಿದ್ಧಪಡಿಸಿದ ವಿಕ್ಟರ್ ಮಾಹಿಯೋನ್ 1880ರಲ್ಲಿ ಇಂಥದೇ ನಾಲ್ಕು ವರ್ಗಗಳ ಕ್ರಮವನ್ನು ಅನುಸರಿಸಿದನು. ಎರಿಖ್ ಫೋನ್ ಹೋರ್ನ್‌ಬೋಸ್ಟೆಲ್ ಮತ್ತು ಕುರ್ಟ್ ಜಾಕ್ಸ್ ಅವರು 1914ರಲ್ಲಿ ಅದನ್ನು ವಿಸ್ತರಿಸಿ ಅಂಕಿಗಳ ಮೂಲಕ ಗುರುತಿಸುವ ಪದ್ಧತಿಯನ್ನು ರೂಪಿಸಿದರು. ಸಂಗ್ರಹಾಲಯಗಳು ಇಂದಿಗೂ ವ್ಯಾಪಕವಾಗಿ ಬಳಸುವುದು ಇದೇ ಪದ್ಧತಿಯನ್ನು.

ಹೋರ್ನ್‌ಬೋಸ್ಟೆಲ್–ಜಾಕ್ಸ್ ಪದ್ಧತಿಯಲ್ಲಿ ಚೌಡಿಕೆಯಂತಹ ವಾದ್ಯಗಳು 22ನೆಯ ಅಂಕಿಯ ‘ಮೀಟುವ ಡೋಲು’ ಎಂಬ ಉಪವರ್ಗದಲ್ಲಿ ಬರುತ್ತವೆ. ತಂತಿಯು ಚರ್ಮವನ್ನು ಕಂಪಿಸುವಂತೆ ಮಾಡುವ ಸಾಧನ ಮಾತ್ರ, ನಾದದ ಮೂಲ ಚರ್ಮವೇ ಎಂಬುದು ಇದರ ಹಿಂದಿನ ನಿಲುವು. ಈ ನಿಲುವನ್ನು ಬ್ರಿಟಿಷ್ ವಿದ್ವಾಂಸ ಲಾರೆನ್ಸ್ ಪಿಕೆನ್ 1981ರಲ್ಲಿ ಗೋಪೀಯಂತ್ರ ಮತ್ತು ಆನಂದಲಹರಿಗಳ ಕುರಿತ ಲೇಖನದಲ್ಲಿ ಪ್ರಶ್ನಿಸಿದರು. ಕೇಳಿಸುವ ಸ್ವರವನ್ನು ತಂತಿಯ ಬಿಗಿತ ನಿರ್ಧರಿಸುವುದರಿಂದ ಇವು ತಂತಿವಾದ್ಯಗಳೇ ಎಂಬುದು ಈ ಪಕ್ಷದ ವಾದ. ಆ ಬಳಿಕ ‘ಬಿಗಿತ ಬದಲಾಗುವ ತಂತಿವಾದ್ಯ’ ಎಂಬ ಹೆಸರೂ ಬಳಕೆಗೆ ಬಂದಿತು.

ಎರಡೂ ಪಕ್ಷಗಳಿಗೆ ಆಧಾರಗಳಿವೆ. ಬಿರಡೆಯನ್ನು ತಿರುಗಿಸಿದಾಗ ಸ್ವರ ಬದಲಾಗುವುದು ತಂತಿಯ ಪಕ್ಷಕ್ಕೆ ಬಲ ನೀಡುತ್ತದೆ. ತಂತಿಯೊಂದಿಗೆ ಚರ್ಮದ ಬಿಗಿತವೂ ಬದಲಾಗುವುದು ಮತ್ತು ಚರ್ಮವಿಲ್ಲದೆ ದನಿಯೇ ಕೇಳಿಸದಿರುವುದು ಚರ್ಮದ ಪಕ್ಷಕ್ಕೆ ಬಲ ನೀಡುತ್ತದೆ. ಇದರ ಪರಿಣಾಮವಾಗಿ ಒಂದೇ ಬಗೆಯ ವಾದ್ಯ ಒಂದು ಗ್ರಂಥದಲ್ಲಿ ಡೋಲುಗಳ ನಡುವೆಯೂ ಇನ್ನೊಂದರಲ್ಲಿ ತಂತಿವಾದ್ಯಗಳ ನಡುವೆಯೂ ಕಾಣಿಸಿಕೊಳ್ಳುತ್ತದೆ.

## ಹಳೆಯ ವಾದ್ಯವನ್ನು ಗುರುತಿಸುವ ಲಕ್ಷಣಗಳು

ಚೌಡಿಕೆಯ ನರದ ತಂತಿ ಮತ್ತು ಬಿರಡೆ ಬೇಗ ಹಾಳಾಗುವ ಭಾಗಗಳು. ಅವು ಕಳಚಿಹೋದ ಮೇಲೆ ಉಳಿಯುವ ಒಡಲು ಒಂದು ಬದಿಯ ಡೋಲಿನಂತೆಯೂ, ಚರ್ಮವೂ ಹೋದರೆ ಧಾನ್ಯದ ಅಳತೆಯ ಪಾತ್ರೆಯಂತೆಯೂ ಕಾಣುತ್ತದೆ. ಹಳೆಯ ವಸ್ತುಗಳ ನಡುವೆ ಇಂತಹ ಒಡಲು ಸಿಕ್ಕಾಗ ಕೆಳಗಿನ ಲಕ್ಷಣಗಳು ಗುರುತಿಗೆ ನೆರವಾಗುತ್ತವೆ.

ಚರ್ಮದ ನಡುವಿನ ರಂಧ್ರ. ಬಡಿಯುವ ವಾದ್ಯದ ಚರ್ಮದಲ್ಲಿ ನಡುವೆ ರಂಧ್ರವಿರುವುದು ದೋಷ; ಚೌಡಿಕೆಯಲ್ಲಿ ಅದು ರಚನೆಯ ಭಾಗ. ಬಿಲ್ಲೆ ಬಿದ್ದುಹೋಗಿದ್ದರೂ ಅದು ಒತ್ತಿದ ವೃತ್ತಾಕಾರದ ಗುರುತು ರಂಧ್ರದ ಸುತ್ತ ಉಳಿದಿರಬಹುದು. ಚರ್ಮವು ಒಳಕ್ಕೆ ತಗ್ಗಿದ್ದರೆ ಅದು ತಂತಿಯ ಸೆಳೆತದ ಕುರುಹು. ಬಡಿದು ಸವೆದ ಚರ್ಮದಲ್ಲಿ ಕಾಣುವ ಪೆಟ್ಟಿನ ಗುರುತುಗಳು ಇದರಲ್ಲಿ ಇರುವುದಿಲ್ಲ.

ಒಂದೇ ಬಾಯಿಗೆ ಬಿಗಿದ ಗುರುತು. ಎರಡು ಬದಿಯ ವಾದ್ಯಗಳಲ್ಲಿ ಎರಡೂ ಅಂಚುಗಳಲ್ಲಿ ಹಗ್ಗ ಅಥವಾ ಬಳೆಯ ಗುರುತಿರುತ್ತದೆ. ಚೌಡಿಕೆಯಲ್ಲಿ ಒಂದು ಅಂಚು ಮಾತ್ರ ಚರ್ಮ ಹೊದಿಸಿದ್ದು. ಇನ್ನೊಂದು ಅಂಚು ಕೈಯಾಡಿ ನುಣುಪಾಗಿರುತ್ತದೆ. ಧಾನ್ಯದ ಅಳತೆಗೆ ತಳವಿರಲೇಬೇಕು. ಚೌಡಿಕೆಯ ಒಡಲಿಗೆ ತಳವಿಲ್ಲ.

ದಂಡ ಜೋಡಿಸಿದ ಸ್ಥಳ. ಒಡಲಿನ ಹೊರಮೈಯಲ್ಲಿ ಒಂದೇ ಗೆರೆಯಲ್ಲಿರುವ ಮೊಳೆಯ ತೂತುಗಳು, ಕಟ್ಟಿನ ಗುರುತು ಅಥವಾ ಬಣ್ಣ ಬೇರೆಯಾದ ಉದ್ದನೆಯ ಪಟ್ಟಿ ಕಾಣಿಸಿದರೆ ಅಲ್ಲಿ ದಂಡವಿದ್ದುದು ಖಚಿತವಾಗುತ್ತದೆ. ಬಿಡಿಯಾಗಿ ಸಿಕ್ಕ ದಂಡದ ತುದಿಯಲ್ಲಿ ಬಿರಡೆಯ ತೂತು ಇರುತ್ತದೆ.

ಆರಾಧನೆಯ ಕುರುಹುಗಳು. ಮರದ ಸೀಳುಗಳಲ್ಲಿ ನಿಂತ ಅರಿಸಿನ, ಕವಡೆ ಪೋಣಿಸಿದ ದಾರ, ಗೆಜ್ಜೆ ಕಟ್ಟಿದ ಗುರುತುಗಳು ವಾದ್ಯವು ಯಲ್ಲಮ್ಮನ ಸೇವೆಯಲ್ಲಿ ಬಳಕೆಯಾದುದನ್ನು ಸೂಚಿಸುತ್ತವೆ. ಇವು ಕೊಳೆಯಲ್ಲ. ತೊಳೆದು ಹೊಳಪು ಕೊಟ್ಟ ವಾದ್ಯ ನೋಟಕ್ಕೆ ಚೆನ್ನಾಗಿ ಕಂಡರೂ ತನ್ನ ಇತಿಹಾಸದ ಮುಖ್ಯ ಸಾಕ್ಷ್ಯವನ್ನು ಕಳೆದುಕೊಳ್ಳುತ್ತದೆ.

ತುಂತುಣಿಯಿಂದ ಭೇದ. ಚೌಡಿಕೆಯೊಂದಿಗೆ ಅತಿ ಹೆಚ್ಚು ಗೊಂದಲಕ್ಕೆ ಎಡೆಮಾಡುವ ವಾದ್ಯ ತುಂತುಣಿ. ಇದರ ರಚನೆಯ ತತ್ತ್ವವೂ ಅದೇ. ಆದರೆ ತುಂತುಣಿಯ ಒಡಲು ಸಣ್ಣದು, ತಂತಿ ಲೋಹದ್ದು. ಅದು ಒಂದೇ ಸ್ವರದಲ್ಲಿ ನಿಂತು ಆಧಾರಶ್ರುತಿಯನ್ನೂ ಲಯವನ್ನೂ ಒದಗಿಸುತ್ತದೆ. ಚೌಡಿಕೆಯ ಒಡಲು ದೊಡ್ಡದು, ತಂತಿ ನರದ್ದು, ಸ್ವರ ಜಾರುವಂಥದು. ಬಿರಡೆಯ ಮೇಲೆ ಲೋಹದ ತಂತಿ ಕೊರೆದ ಸೂಕ್ಷ್ಮ ಗೆರೆಗಳಿದ್ದರೆ ಅದು ತುಂತುಣಿಯಾಗಿರುವ ಸಾಧ್ಯತೆ ಹೆಚ್ಚು.

ಕಾಲನಿರ್ಣಯ. ಜನಪದ ವಾದ್ಯಗಳ ಮೇಲೆ ತಯಾರಕರ ಹೆಸರಾಗಲಿ ವರ್ಷವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಬಳಕೆಯಲ್ಲಿರುವ ವಾದ್ಯದ ಚರ್ಮ, ತಂತಿ, ಬಿರಡೆಗಳನ್ನು ಹಲವು ಸಲ ಬದಲಿಸಿರುವುದರಿಂದ ಅವುಗಳ ವಯಸ್ಸು ಒಡಲಿನ ವಯಸ್ಸನ್ನು ಹೇಳುವುದಿಲ್ಲ. ನೈಲಾನ್ ತಂತಿ ಇದ್ದ ಮಾತ್ರಕ್ಕೆ ವಾದ್ಯ ಹೊಸದೆನ್ನಲಾಗದು. ಸವೆದ ಚರ್ಮವಿದ್ದ ಮಾತ್ರಕ್ಕೆ ಹಳೆಯದೆನ್ನಲಾಗದು. ವಾದ್ಯವನ್ನು ಯಾರು, ಯಾವ ಊರಿನಲ್ಲಿ, ಎಷ್ಟು ತಲೆಮಾರು ನುಡಿಸಿದರು ಎಂಬ ಮೌಖಿಕ ಮಾಹಿತಿಯೇ ಇಲ್ಲಿ ಹೆಚ್ಚು ನಂಬಲರ್ಹವಾದ ದಾಖಲೆ. ಒಣಗಿದ ಹಳೆಯ ಚರ್ಮವು ನಡುವಿನ ರಂಧ್ರದಿಂದ ಸುಲಭವಾಗಿ ಸೀಳುವುದರಿಂದ ಇಂತಹ ವಾದ್ಯಗಳಿಗೆ ಹೊಸ ತಂತಿ ಹಾಕಿ ಬಿಗಿಯುವುದು ಅಪಾಯಕಾರಿ.

## ಪ್ರದೇಶದ ಇತರ ಚರ್ಮವಾದ್ಯಗಳೊಂದಿಗೆ ಹೋಲಿಕೆ

ಹುಬ್ಬಳ್ಳಿ-ಧಾರವಾಡ ಪ್ರದೇಶದಲ್ಲಿ ಚರ್ಮದ ಬಿಗಿತವನ್ನು ಹೊಂದಿಸುವ ಹಲವು ಪದ್ಧತಿಗಳು ಅಕ್ಕಪಕ್ಕದಲ್ಲಿಯೇ ಉಳಿದುಬಂದಿವೆ.

- ಹಲಗೆ: ಒಂದು ಬದಿಯ ಚಪ್ಪಟೆ ವಾದ್ಯ. ಬೆಂಕಿಯ ಕಾವಿಗೆ ಹಿಡಿದು ಚರ್ಮವನ್ನು ಬಿಗಿಗೊಳಿಸಲಾಗುತ್ತದೆ.
- ಜಗ್ಗಲಿಗೆ: ಎತ್ತಿನ ಗಾಡಿಯ ಗಾಲಿಗೆ ಚರ್ಮ ಬಿಗಿದು ತಯಾರಿಸುವ ದೊಡ್ಡ ವಾದ್ಯ. ಹುಬ್ಬಳ್ಳಿ ತಾಲ್ಲೂಕಿನ ಬ್ಯಾಹಟ್ಟಿಯ ಜಗ್ಗಲಿಗೆ ಕುಣಿತ ಹೆಸರಾಗಿದೆ. ಹುಬ್ಬಳ್ಳಿಯ ಹೋಳಿ ಹಬ್ಬದಲ್ಲಿ ಇದರ ಸದ್ದು ಪ್ರಧಾನವಾದುದು.
- ಡೊಳ್ಳು: ಹಾಲುಮತದವರ ಬೀರದೇವರ ಆರಾಧನೆಯ ಎರಡು ಬದಿಯ ವಾದ್ಯ. ಹಗ್ಗ ಎಳೆದು ಬಿಗಿಯಲಾಗುತ್ತದೆ.
- ತಬಲಾ: ಧಾರವಾಡದ ಹಿಂದುಸ್ತಾನಿ ಸಂಗೀತ ಪರಂಪರೆಯ ತಾಳವಾದ್ಯ. ತೊಗಲಿನ ಪಟ್ಟಿಗಳ ಕೆಳಗೆ ಇರಿಸಿದ ಗಟ್ಟಾಗಳನ್ನು ಹಾಗೂ ಅಂಚಿನ ಗಜರಾವನ್ನು ಸುತ್ತಿಗೆಯಿಂದ ತಟ್ಟಿ ಶ್ರುತಿ ಹೊಂದಿಸಲಾಗುತ್ತದೆ.
- ತುಂತುಣಿ: ಗೀಗೀ ಮೇಳದಲ್ಲಿ ದಪ್ಪಿನ ಜೊತೆಗಿರುವ ವಾದ್ಯ. ಬಿರಡೆಯಿಂದ ತಂತಿ ಬಿಗಿಯಲಾಗುತ್ತದೆ.
- ಚೌಡಿಕೆ: ಬಿರಡೆಯಿಂದ ಬಿಗಿಯಲಾಗುತ್ತದೆ, ನುಡಿಸುವಾಗ ಕೈಯಿಂದಲೂ ಬಿಗಿತ ಬದಲಾಗುತ್ತದೆ.

ಈ ಪಟ್ಟಿಯಲ್ಲಿ ಮೊದಲ ನಾಲ್ಕು ವಾದ್ಯಗಳ ಬಿಗಿತ ಚರ್ಮದ ಮೈ ಅಥವಾ ಅಂಚಿಗೆ ಸಂಬಂಧಿಸಿದ್ದು. ಕೊನೆಯ ಎರಡರಲ್ಲಿ ಮಾತ್ರ ಸೆಳೆತ ಚರ್ಮದ ನಡುವಿನಿಂದ ಬರುತ್ತದೆ.

## ಸಂಬಂಧಿತ ವಾದ್ಯಗಳು

ಇದೇ ತತ್ತ್ವದ ವಾದ್ಯಗಳು ಭಾರತದ ಹಲವು ಭಾಗಗಳಲ್ಲಿವೆ. ಬಂಗಾಳದ ಬಾವುಲರ ಗೋಪೀಯಂತ್ರದಲ್ಲಿ ಎರಡು ಬಿದಿರಿನ ತೋಳುಗಳು ಮೇಲೆ ಕೂಡಿ ಬಿರಡೆಯನ್ನು ಹೊರುತ್ತವೆ. ತೋಳುಗಳನ್ನು ಅಮುಕಿದಾಗ ತಂತಿ ಸಡಿಲಗೊಂಡು ಸ್ವರ ಇಳಿಯುತ್ತದೆ. ಆನಂದಲಹರಿ ಅಥವಾ ಖಮಕದಲ್ಲಿ ತೋಳೇ ಇಲ್ಲ. ತಂತಿಯ ತುದಿಯನ್ನು ಕೈಯಲ್ಲಿ ಹಿಡಿದು ಎಳೆಯುತ್ತಾರೆ. ರಾಜಸ್ಥಾನದ ಮೇವಾತ್ ಪ್ರದೇಶದ ಭಪಂಗವೂ ಕೈಯಿಂದ ಎಳೆಯುವ ವಾದ್ಯವೇ. ತೆಲಂಗಾಣ ಹಾಗೂ ಆಂಧ್ರಪ್ರದೇಶದ ಜಮಿಡಿಕೆಯು ರೇಣುಕಾ ಯಲ್ಲಮ್ಮನ ಕಥೆ ಹಾಡುವವರ ವಾದ್ಯವಾಗಿದ್ದು, ರಚನೆಯಲ್ಲಿ ಮಾತ್ರವಲ್ಲದೆ ಆರಾಧನೆಯಲ್ಲಿಯೂ ಚೌಡಿಕೆಗೆ ಹತ್ತಿರವಾದುದು. ಈ ವಾದ್ಯಗಳ ನಡುವೆ ಚೌಡಿಕೆಯ ಸ್ಥಾನ ಮಧ್ಯದ್ದು: ತುಂತುಣಿಯಂತೆ ಅದಕ್ಕೆ ಸ್ಥಿರವಾದ ಬಿರಡೆಯೂ ಇದೆ, ಖಮಕದಂತೆ ಜಾರುವ ಸ್ವರವೂ ಇದೆ.

## ಆರಾಧನೆಯಲ್ಲಿ ಸ್ಥಾನ

ಯಲ್ಲಮ್ಮನನ್ನು ಜಮದಗ್ನಿಯ ಪತ್ನಿ, ಪರಶುರಾಮನ ತಾಯಿ ರೇಣುಕೆಯೊಂದಿಗೆ ಸಮೀಕರಿಸಲಾಗಿದೆ. ಪರಶುರಾಮನು ತಾನು ಕೊಂದ ವೈರಿಯ ದೇಹದ ಭಾಗಗಳಿಂದ ಚೌಡಿಕೆಯನ್ನು ಮಾಡಿ ತಾಯಿಯ ಮುಂದೆ ನುಡಿಸಿದನೆಂಬುದು ಭಕ್ತರಲ್ಲಿ ಪ್ರಚಲಿತವಾದ ಕಥೆ. ಕೊಲ್ಲಲ್ಪಟ್ಟವನ ಹೆಸರು ಕಥನದಿಂದ ಕಥನಕ್ಕೆ ಬೇರೆಯಾಗುತ್ತದೆ. ಒಡಲು, ಚರ್ಮ, ನರ ಎಂಬ ವಾದ್ಯದ ಭಾಗಗಳು ದೇಹದ ಭಾಗಗಳನ್ನೇ ನೆನಪಿಸುವುದರಿಂದ ಈ ಕಥೆ ವಾದ್ಯದ ರಚನೆಗೆ ಸಹಜವಾಗಿ ಹೊಂದಿಕೊಂಡಿದೆ.

ಮಾರ್ಗಶಿರದ ಹೊಸ್ತಿಲ ಹುಣ್ಣಿಮೆ, ಪುಷ್ಯದ ಬನದ ಹುಣ್ಣಿಮೆ ಮತ್ತು ಮಾಘದ ಭಾರತ ಹುಣ್ಣಿಮೆಗಳಲ್ಲಿ ಯಲ್ಲಮ್ಮನ ಗುಡ್ಡದಲ್ಲಿ ದೊಡ್ಡ ಜಾತ್ರೆಗಳು ಸೇರುತ್ತವೆ. ಹೊಸ್ತಿಲ ಹುಣ್ಣಿಮೆಯನ್ನು ದೇವಿಯ ವೈಧವ್ಯಕ್ಕೂ ಭಾರತ ಹುಣ್ಣಿಮೆಯನ್ನು ಅವಳು ಮತ್ತೆ ಮುತ್ತೈದೆಯಾಗುವುದಕ್ಕೂ ಸಂಬಂಧಿಸಲಾಗುತ್ತದೆ. ಈ ಆಚರಣೆಗಳುದ್ದಕ್ಕೂ ಚೌಡಿಕೆ ಮೇಳಗಳು ರೇಣುಕೆಯ ಹುಟ್ಟು, ಮದುವೆ, ಶಿರಚ್ಛೇದ, ಮರುಹುಟ್ಟುಗಳ ಕಥೆಯನ್ನು ಹಾಡುತ್ತವೆ. ಭಕ್ತರ ‘ಉಧೋ ಉಧೋ’ ಎಂಬ ಘೋಷ ಹಾಡಿನ ನಡುವೆ ಸೇರಿಕೊಳ್ಳುತ್ತದೆ.

ಜಾತ್ರೆಯ ಹೊರಗೆ ಮಂಗಳವಾರ ಮತ್ತು ಶುಕ್ರವಾರಗಳಂದು ಜೋಗ ಬೇಡುವಾಗಲೂ ಚೌಡಿಕೆ ಬಳಕೆಯಾಗುತ್ತದೆ. ದೇವಿಯ ಮೂರ್ತಿಯಿರುವ ಜಗವನ್ನು ತಲೆಯ ಮೇಲೆ ಹೊತ್ತು, ಪಡ್ಡಲಗಿಯಲ್ಲಿ ಭಿಕ್ಷೆ ಸ್ವೀಕರಿಸುತ್ತ ಜೋಗತಿಯರು ಮನೆಮನೆಗೆ ಹೋಗುತ್ತಾರೆ. ತಲೆಯ ಮೇಲೆ ಕೊಡ ಹೊತ್ತು ಕೈ ಬಿಟ್ಟು ಕುಣಿಯುವ ಜೋಗತಿ ನೃತ್ಯಕ್ಕೂ ಚೌಡಿಕೆಯೇ ಮುಖ್ಯ ಹಿಮ್ಮೇಳ.

## ಸಾಮಾಜಿಕ ಹಿನ್ನೆಲೆ

ಚೌಡಿಕೆಯ ಇತಿಹಾಸವನ್ನು ಅದನ್ನು ನುಡಿಸಿದವರ ಬದುಕಿನಿಂದ ಬೇರೆ ಮಾಡಿ ನೋಡಲಾಗುವುದಿಲ್ಲ. ಯಲ್ಲಮ್ಮನಿಗೆ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ಬಿಡುವ ಪದ್ಧತಿಯು ಬಹುಪಾಲು ದಲಿತ ಕುಟುಂಬಗಳ ಬಾಲಕಿಯರನ್ನು ದೇವದಾಸಿಯರನ್ನಾಗಿಸಿ ಲೈಂಗಿಕ ಶೋಷಣೆಗೆ ಗುರಿಮಾಡಿತು. ಧಾರವಾಡವನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ದೇವದಾಸಿಯರ ರಕ್ಷಣಾ ಕಾಯ್ದೆ ಬಂದಿತು. ಕರ್ನಾಟಕ ದೇವದಾಸಿಯರ (ಸಮರ್ಪಣಾ ನಿಷೇಧ) ಅಧಿನಿಯಮ, 1982 ಸಮರ್ಪಣೆಯನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿತು. ರಾಜ್ಯದಲ್ಲಿ 1993-94 ಮತ್ತು 2007-08ರಲ್ಲಿ ನಡೆದ ಸಮೀಕ್ಷೆಗಳು ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದವು.

ಜೋಗಪ್ಪಗಳು ಗಂಡಾಗಿ ಹುಟ್ಟಿ, ದೇವಿಯ ಕರೆ ಬಂದಿತೆಂಬ ನಂಬಿಕೆಯಿಂದ ಹೆಣ್ಣಿನ ಉಡುಗೆ ತೊಟ್ಟು ಸೇವೆ ಮಾಡುವವರು. ಮನೆಯಿಂದ ಹೊರಬಿದ್ದ ಅನೇಕರಿಗೆ ಚೌಡಿಕೆ ಮೇಳವು ಆಶ್ರಯವೂ ಅನ್ನದ ದಾರಿಯೂ ಆಯಿತು.

ಇದರಿಂದ ಚೌಡಿಕೆಯ ಉಳಿವಿನ ಪ್ರಶ್ನೆ ಜಟಿಲವಾಗಿದೆ. ವಾದ್ಯವನ್ನು ಶ್ರುತಿ ಮಾಡುವ, ಚರ್ಮ ಬದಲಿಸುವ, ದೀರ್ಘ ಕಥನಗಳನ್ನು ನೆನಪಿನಿಂದ ಹಾಡುವ ವಿದ್ಯೆ ಶತಮಾನಗಳ ಕಾಲ ಮುಡಿಪಾದವರಲ್ಲಿಯೇ ಹರಿದುಬಂದಿದೆ. ಮುಡಿಪು ಬಿಡುವ ಪದ್ಧತಿ ನಿಲ್ಲಬೇಕೆಂಬುದರಲ್ಲಿ ಕಾನೂನಿಗೂ ಸುಧಾರಕರಿಗೂ ಎರಡು ಮಾತಿಲ್ಲ. ಆದರೆ ಆ ಪದ್ಧತಿಯೊಂದಿಗೆ ವಿದ್ಯೆಯ ವರ್ಗಾವಣೆಯ ಹಳೆಯ ದಾರಿಯೂ ಮುಚ್ಚುತ್ತದೆ. ವಾದ್ಯವು ಮುಂದೆ ಉಳಿಯುವುದು ಮುಡಿಪಿನ ಹಂಗಿಲ್ಲದೆ ಅದನ್ನು ಕಲಿಯುವವರು ದೊರೆತಾಗ ಮಾತ್ರ. ಅಂತಹ ಕಲಿಕೆಗೆ ಗುರುಗಳಾಗಬಲ್ಲವರು ಮಾತ್ರ ಇಂದಿಗೂ ಹಳೆಯ ಜೋಗತಿಯರು ಮತ್ತು ಜೋಗಪ್ಪಗಳೇ.

## ಇಂದಿನ ಸ್ಥಿತಿ

ಚೌಡಿಕೆ ಪದ ಮತ್ತು ಜೋಗತಿ ನೃತ್ಯಗಳು ಇಂದು ಜಾತ್ರೆಯ ಜೊತೆಗೆ ಉತ್ಸವಗಳ ವೇದಿಕೆಗಳಲ್ಲಿಯೂ ಪ್ರದರ್ಶನಗೊಳ್ಳುತ್ತಿವೆ. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ, ಕಾಳವ್ವ ಜೋಗತಿಯವರಿಂದ ಕಲೆ ಕಲಿತ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿ ಅವರು. 2021ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಹುಬ್ಬಳ್ಳಿಗೆ ಸಮೀಪದ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಜನಪದ ಕಲೆಗಳ ಅಧ್ಯಯನಕ್ಕೆ ಮೀಸಲಾದ ಸಂಸ್ಥೆಯಾಗಿದೆ.

ವೇದಿಕೆಯ ಬಳಕೆಯಿಂದ ವಾದ್ಯದಲ್ಲಿಯೂ ಬದಲಾವಣೆಗಳಾಗಿವೆ. ನರದ ತಂತಿಯು ಗಾಳಿಯ ತೇವಕ್ಕೆ ಸಡಿಲಗೊಳ್ಳುವುದರಿಂದ ಮಳೆಗಾಲದಲ್ಲಿ ಶ್ರುತಿ ನಿಲ್ಲುವುದು ಕಷ್ಟ; ನೈಲಾನ್ ತಂತಿಗೆ ಈ ತೊಂದರೆ ಕಡಿಮೆ. ಆದರೆ ಚರ್ಮಕ್ಕೆ ತೇವದ ಪರಿಣಾಮ ತಪ್ಪಿದ್ದಲ್ಲವಾದುದರಿಂದ ಹಾಡಿಗೆ ಮೊದಲು ಬಿರಡೆ ತಿರುಗಿಸಿ ಶ್ರುತಿ ಕೂಡಿಸಿಕೊಳ್ಳುವ ಕೆಲಸ ಹಾಗೆಯೇ ಉಳಿದಿದೆ.

## ಇವನ್ನೂ ನೋಡಿ

- ರೇಣುಕಾ ಯಲ್ಲಮ್ಮ
- ಸವದತ್ತಿ
- ಜೋಗತಿ ನೃತ್ಯ
- ಗೀಗೀ ಪದ
- ತುಂತುಣಿ
- ಜಗ್ಗಲಿಗೆ
- ಡೊಳ್ಳು ಕುಣಿತ